ಹತ್ತು ಹತ್ತು ಎಸೆತಗಳ ಲೆಕ್ಕ

2020ರ ಡಿಸೆಂಬರ್ 19ರಂದು ಅಡಿಲೇಡ್ ಟೆಸ್ಟ್‌ನ ಎರಡನೇ ಇನಿಂಗ್ಸ್‌ನಲ್ಲಿ ಭಾರತ ತಂಡ 36 ರನ್ನಿಗೆ ಮುಗಿದುಹೋಯಿತು. ಒಬ್ಬರೂ ಎರಡಂಕಿ ಮುಟ್ಟಲಿಲ್ಲ. ಎಲ್ಲರಿಗಿಂತ ಹೆಚ್ಚು ಗಳಿಸಿದವರು ನಮ್ಮ ಮಯಂಕ್ ಅಗರವಾಲ್, ಅದೂ 9 ರನ್. ಜೋಶ್ ಹೇಜಲ್‌ವುಡ್ ಬರೀ 8 ರನ್ ಕೊಟ್ಟು 5 ವಿಕೆಟ್ ಕಿತ್ತಿದ್ದರು. 1974ರಲ್ಲಿ ಲಾರ್ಡ್ಸ್‌ನಲ್ಲಿ ಆದ 42ನ್ನೂ ಮೀರಿಸಿದ ಕುಸಿತ ಅದು. ಮೊಹಮ್ಮದ್ ಶಮಿ ಕೈಗೆ ಪೆಟ್ಟು ತಿಂದು ಸರಣಿಯಿಂದಲೇ ಹೊರಬಿದ್ದರು. ನಾಯಕ ವಿರಾಟ್ ಕೊಹ್ಲಿ ಮೊದಲೇ ತಿಳಿಸಿದ್ದಂತೆ ಮಗುವಿನ ಜನನಕ್ಕಾಗಿ ಮನೆಗೆ ಹೊರಟರು. ಸರಿಯಾಗಿ ಒಂದು ತಿಂಗಳಿಗೆ, 2021ರ ಜನವರಿ 19ರಂದು, ಬ್ರಿಸ್ಬೇನ್‌ನ ಗಾಬಾ ಮೈದಾನದಲ್ಲಿ ಭಾರತ 328 ರನ್ನುಗಳ ಗುರಿ ಬೆನ್ನಟ್ಟಿ ಗೆದ್ದು, ಸರಣಿಯನ್ನು 2-1ರಿಂದ ತನ್ನದಾಗಿಸಿಕೊಂಡಿತು. 1988ರಿಂದೀಚೆಗೆ ಆಸ್ಟ್ರೇಲಿಯಾ ಆ ಮೈದಾನದಲ್ಲಿ ಒಂದೂ ಟೆಸ್ಟ್ ಸೋತಿರಲಿಲ್ಲ.

ಬಿದ್ದ ತಂಡ ಎದ್ದು ನಿಂತಿತು ಎಂದು ನಾವೆಲ್ಲ ಅಂದುಕೊಂಡೆವು. ಆದರೆ ಅಡಿಲೇಡ್‌ನಲ್ಲಿ ಆಡಿದ ಹನ್ನೊಂದು ಜನರಲ್ಲಿ ಗಾಬಾದಲ್ಲೂ ಆಡಿದವರು ಮೂವರೇ: ಮಯಂಕ್, ಚೇತೇಶ್ವರ ಪೂಜಾರ, ಅಜಿಂಕ್ಯ ರಹಾನೆ. ಉಳಿದ ಎಂಟು ಮಂದಿ ಬೇರೆಯವರು. ನಾಲ್ಕು ಟೆಸ್ಟ್‌ಗಳಲ್ಲಿ ಭಾರತ ಕಣಕ್ಕಿಳಿಸಿದ್ದು ಒಟ್ಟು 20 ಆಟಗಾರರನ್ನು. ಹಾಗಾದರೆ ನಾವು ಕೊಂಡಾಡುವ ಆ ಮನೋಬಲ ಯಾರದ್ದು? ಅದು ಒಬ್ಬೊಬ್ಬ ಆಟಗಾರನ ಎದೆಯೊಳಗೆ ಹುಟ್ಟಿನಿಂದ ಬಂದ ಗುಣವಾದರೆ, ಎದೆಗಳೇ ಬದಲಾದ ಮೇಲೂ ಅದು ತಂಡದಲ್ಲಿ ಉಳಿದದ್ದು ಹೇಗೆ? ಕಳೆದ ಎರಡು ಮೂರು ದಶಕಗಳಲ್ಲಿ ಕ್ರೀಡಾ ಮನೋವಿಜ್ಞಾನ ಸುತ್ತಿ ಬಳಸಿ ಬಂದು ನಿಂತಿರುವುದೂ ಇಂಥದ್ದೇ ಪ್ರಶ್ನೆಯ ಮುಂದೆ.

ಮೊದಲು ಒಂದು ಎಚ್ಚರಿಕೆ. ಗೆದ್ದ ಮೇಲೆ ಗೆದ್ದವರಲ್ಲಿ ಗಟ್ಟಿತನ ಕಾಣುವುದು ಸುಲಭ. ಅದೇ ಸರಣಿಯ ಸಿಡ್ನಿ ಟೆಸ್ಟ್‌ನ ಕೊನೆಯ ದಿನ ಆಸ್ಟ್ರೇಲಿಯಾದ ನಾಯಕ ಟಿಮ್ ಪೇನ್ ಮೂರು ಕ್ಯಾಚ್ ಕೈಬಿಟ್ಟರು. ಅವು ಕೈಸೇರಿದ್ದರೆ ಇವತ್ತು ಈ ಕಥೆಯನ್ನೇ ಯಾರೂ ಹೇಳುತ್ತಿರಲಿಲ್ಲ. ಜೊತೆಗೆ, 36ರಂಥ ಮೊತ್ತ ಅಷ್ಟು ಅಪರೂಪದ್ದಾದ್ದರಿಂದ ತಂಡ ಏನೂ ಮಾಡದೆ ಸುಮ್ಮನಿದ್ದರೂ ಮುಂದಿನ ಇನಿಂಗ್ಸ್ ಅದಕ್ಕಿಂತ ಮೇಲೇ ಇರುವ ಸಾಧ್ಯತೆ ಹೆಚ್ಚು. ಇದನ್ನು ಸಂಖ್ಯಾಶಾಸ್ತ್ರದಲ್ಲಿ ಸರಾಸರಿಗೆ ಮರಳುವಿಕೆ ಎನ್ನುತ್ತಾರೆ. ಇಸ್ರೇಲ್ ವಾಯುಪಡೆಯ ತರಬೇತುದಾರರು ಇದರಲ್ಲೇ ಎಡವಿದ್ದನ್ನು ಮನೋವಿಜ್ಞಾನಿ ಡೇನಿಯಲ್ ಕಾನಮನ್ ದಾಖಲಿಸಿದ್ದಾರೆ. ಚೆನ್ನಾಗಿ ವಿಮಾನ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಬೈದರೆ ಸುಧಾರಿಸುತ್ತಾನೆ, ಆದ್ದರಿಂದ ಬೈಗುಳವೇ ಮದ್ದು ಎಂಬುದು ಅವರ ಅನುಭವದ ಮಾತು. ವಾಸ್ತವದಲ್ಲಿ ಅತಿ ಒಳ್ಳೆಯ ಹಾರಾಟದ ನಂತರ ಸಾಧಾರಣದ್ದು, ಅತಿ ಕೆಟ್ಟದ್ದರ ನಂತರವೂ ಸಾಧಾರಣದ್ದು ಬರುತ್ತಿತ್ತು, ಅಷ್ಟೇ. ಹೊಗಳಿಕೆ, ಬೈಗುಳ ಎರಡಕ್ಕೂ ಅದರಲ್ಲಿ ಪಾತ್ರವಿರಲಿಲ್ಲ. ನಮ್ಮ ಎಷ್ಟೋ ಕ್ರೀಡಾ ಶಿಬಿರಗಳು ಈಗಲೂ ನಡೆಯುತ್ತಿರುವುದು ಆ ತರಬೇತುದಾರರ ನಂಬಿಕೆಯ ಮೇಲೇ. ಅದಕ್ಕೆ ಮುಂದೆ ಬರುತ್ತೇನೆ.

ಮನೋಬಲವನ್ನು ವ್ಯಕ್ತಿಯ ಗುಣವೆಂದೇ ಹಿಡಿದು ಶುರುವಾದ ಸಂಶೋಧನೆಗೆ ದೊಡ್ಡ ತಿರುವು ಸಿಕ್ಕಿದ್ದು 2002ರಲ್ಲಿ. ಗ್ರಹಾಂ ಜೋನ್ಸ್ ಮತ್ತು ಸಂಗಡಿಗರು ಅಂತರರಾಷ್ಟ್ರೀಯ ಮಟ್ಟದ 10 ಕ್ರೀಡಾಪಟುಗಳನ್ನು ಕೂರಿಸಿಕೊಂಡು, ಮಾನಸಿಕ ಗಟ್ಟಿತನ ಎಂದರೆ ನಿಮ್ಮ ಪ್ರಕಾರ ಏನು ಎಂದು ಕೇಳಿದರು. ಆತ್ಮವಿಶ್ವಾಸ, ಸೋಲಿನಿಂದ ಚೇತರಿಕೆ, ಗಮನ ಕದಲದಿರುವುದು, ಒತ್ತಡವನ್ನು ಒಪ್ಪಿಕೊಳ್ಳುವುದು ಎಂದೆಲ್ಲ ಪಟ್ಟಿ ಬೆಳೆಯಿತು. ಐದು ವರ್ಷಗಳ ನಂತರ ಆಂಜೆಲಾ ಡಕ್‌ವರ್ತ್ ಅಮೆರಿಕದಿಂದ ‘ಗ್ರಿಟ್’ ಎಂಬ ಅಳತೆಯನ್ನು ಮುಂದಿಟ್ಟರು. ಹಿಡಿದದ್ದನ್ನು ಬಿಡದ ಛಲ, ವರ್ಷಗಟ್ಟಲೆ ಒಂದೇ ಆಸಕ್ತಿ, ಇವೆರಡು ಸೇರಿದ ಗುಣ ಅದು. ಮ್ಯಾನೇಜ್‌ಮೆಂಟ್ ತರಬೇತಿಗಳವರೆಗೆ ಆ ಪದ ಹರಡಿತು. ಆದರೆ 2017ರಲ್ಲಿ ಮಾರ್ಕಸ್ ಕ್ರೆಡೆ ಮತ್ತಿಬ್ಬರು 88 ಅಧ್ಯಯನ ಗುಂಪುಗಳ, 66 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟು ಹಾಕಿ ನೋಡಿದಾಗ, ಗ್ರಿಟ್‌ಗೂ ಸಾಧನೆಗೂ ಇರುವ ನಂಟು ತೆಳುವಾದದ್ದೆಂದು ಕಂಡಿತು. ಮನೋವಿಜ್ಞಾನಕ್ಕೆ ಮೊದಲೇ ಗೊತ್ತಿದ್ದ ಶ್ರದ್ಧೆ, ಶಿಸ್ತು ಎಂಬ ಗುಣಗಳಿಗಿಂತ ಅದು ಹೆಚ್ಚು ಬೇರೆಯಾಗಿಯೂ ಇರಲಿಲ್ಲ. ಛಲ ಬೇಡವೆಂದು ಇದರ ಅರ್ಥವಲ್ಲ. ಆದರೆ ಒಬ್ಬ ಮನುಷ್ಯನ ಛಲವನ್ನು ಅಳೆದು ಅವನ ಮುಂದಿನ ಸಾಧನೆಯನ್ನು ಹೇಳಿಬಿಡಬಹುದೆಂಬ ಭರವಸೆ ಹುಸಿಯಾಯಿತು. ತಂಡದ ಆಟದಲ್ಲಂತೂ ನೋಡಬೇಕಾದ ಜಾಗ ಬೇರೆಯೇ ಇದೆ ಎಂದು ನನಗೆ ಅನಿಸುತ್ತದೆ.

ಅಡಿಲೇಡ್ ಆದ ಮೇಲೆ ಭಾರತ ತಂಡ ಮಾಡಿದ್ದನ್ನು ನೋಡಿ. ಮೆಲ್ಬರ್ನ್ ಟೆಸ್ಟ್‌ಗೆ ನಾಲ್ಕು ಬದಲಾವಣೆ ಮಾಡಿದರು. 36ಕ್ಕೆ ಉರುಳಿದ ತಂಡ ಬ್ಯಾಟಿಂಗ್ ಗಟ್ಟಿ ಮಾಡಿಕೊಳ್ಳುತ್ತದೆ ಎಂದುಕೊಂಡಿದ್ದರೆ, ಅವರು ಕೊಹ್ಲಿಯ ಜಾಗಕ್ಕೆ ಆಲ್‌ರೌಂಡರ್ ರವೀಂದ್ರ ಜಡೇಜಾರನ್ನು ತಂದು ಐದನೇ ಬೌಲರ್‌ನನ್ನು ಸೇರಿಸಿಕೊಂಡರು. ಹೆದರಿದವರು ತೆಗೆದುಕೊಳ್ಳುವ ನಿರ್ಧಾರವಲ್ಲ ಅದು. ಹಂಗಾಮಿ ನಾಯಕ ರಹಾನೆ 112 ರನ್ ಹೊಡೆದು, ಜಡೇಜಾ ಕರೆದ ರನ್ನಿಗೆ ಓಡಿ ರನೌಟ್ ಆದರು. ಶತಕವೀರ ನಾಯಕನನ್ನು ಓಡಿಸಿ ಔಟ್ ಮಾಡಿಸಿದವನ ಪಾಡು ಏನೆಂದು ಕ್ರಿಕೆಟ್ ಆಡಿದ ಯಾರಿಗೂ ಗೊತ್ತು. ರಹಾನೆ ಮುಖ ಗಂಟಿಕ್ಕಲಿಲ್ಲ, ಕೈ ಚೆಲ್ಲಲಿಲ್ಲ. ಜಡೇಜಾರಿಗೆ ಧೈರ್ಯ ಹೇಳಿ ಪೆವಿಲಿಯನ್ ಕಡೆ ನಡೆದರು.

ಇದನ್ನು ಬರೀ ಸಜ್ಜನಿಕೆ ಎಂದು ಬಿಟ್ಟುಬಿಡಬಾರದು. ಪೀಟರ್ ಟಾಟರ್‌ಡೆಲ್ ಎಂಬ ಬ್ರಿಟಿಷ್ ಮನೋವಿಜ್ಞಾನಿ 2000ದಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಕ್ರಿಕೆಟ್ ಪ್ರಿಯರು ತಿಳಿಯಬೇಕಾದದ್ದು. ಎರಡು ವೃತ್ತಿಪರ ಕ್ರಿಕೆಟ್ ತಂಡಗಳ ನಡುವಿನ ನಾಲ್ಕು ದಿನಗಳ ಪಂದ್ಯದಲ್ಲಿ ಆಟಗಾರರ ಕೈಗೆ ಪುಟ್ಟ ಕಂಪ್ಯೂಟರ್ ಕೊಟ್ಟು, ದಿನಕ್ಕೆ ಮೂರು ಸಲ ತಮ್ಮ ಮನಸ್ಸಿನ ಸ್ಥಿತಿಯನ್ನು ದಾಖಲಿಸಲು ಹೇಳಿದರು. ಪಂದ್ಯ ನಮ್ಮ ಕಡೆ ವಾಲಿದಾಗ ಎಲ್ಲರೂ ಖುಷಿಯಾಗಿರುವುದು ಸಹಜ. ಆ ಪ್ರಭಾವವನ್ನು ಲೆಕ್ಕದಿಂದ ಕಳೆದ ಮೇಲೂ ಒಬ್ಬ ಆಟಗಾರನ ಮನಸ್ಸು ಸಂಗಡಿಗರ ಮನಸ್ಸಿನ ಜೊತೆ ಏರಿಳಿಯುತ್ತಿತ್ತು. ಮನಸ್ಸು ಹಗುರಾಗಿದ್ದಾಗ ತಮ್ಮ ಆಟವೂ ಚೆನ್ನಾಗಿತ್ತು ಎಂದು ಅವರು ಹೇಳಿಕೊಂಡರು. ಒಂದು ಡ್ರೆಸಿಂಗ್ ರೂಮಿನಲ್ಲಿ ಭಯವೂ ಅಂಟುತ್ತದೆ, ಧೈರ್ಯವೂ ಅಂಟುತ್ತದೆ. ನಾಯಕನ ಮುಖಭಾವವನ್ನು ಹನ್ನೊಂದು ಜನ ದಿನವಿಡೀ ಓದುತ್ತಿರುತ್ತಾರೆ.

ಇನ್ನು ಸಿಡ್ನಿ. 2021ರ ಜನವರಿ 11, ಟೆಸ್ಟ್‌ನ ಐದನೇ ದಿನ. ಗೆಲ್ಲಲು 407 ಬೇಕು. ರಿಷಭ್ ಪಂತ್ 97, ಪೂಜಾರ 77 ಹೊಡೆದು ಔಟಾದಾಗ ಭಾರತ 5 ವಿಕೆಟ್‌ಗೆ 272. ಕ್ರೀಸಿನಲ್ಲಿ ಉಳಿದವರು ಹನುಮ ವಿಹಾರಿ ಮತ್ತು ಆರ್. ಅಶ್ವಿನ್. ವಿಹಾರಿ ಒಂದು ರನ್ನಿಗೆ ಜೋರಾಗಿ ಓಡಿ ತೊಡೆಯ ಹಿಂಬದಿಯ ಸ್ನಾಯು ಹರಿದುಕೊಂಡಿದ್ದರು. ಅಶ್ವಿನ್‌ಗೆ ಹಿಂದಿನ ರಾತ್ರಿಯಿಂದ ಬೆನ್ನು ಹಿಡಿದುಕೊಂಡಿತ್ತು. ಬೆಳಿಗ್ಗೆ ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳಲೂ ಆಗಿರಲಿಲ್ಲ ಎಂದು ಅವರ ಪತ್ನಿ ಆ ಸಂಜೆ ಬರೆದರು. ಒಳಗೆ ಹೆಬ್ಬೆರಳು ಮುರಿದುಕೊಂಡ ಜಡೇಜಾ ಪ್ಯಾಡ್ ಕಟ್ಟಿಕೊಂಡು ಕಾದಿದ್ದರು. ಇನ್ನೂ 40ಕ್ಕೂ ಹೆಚ್ಚು ಓವರ್ ಬಾಕಿ. ಪ್ಯಾಟ್ ಕಮಿನ್ಸ್, ಮಿಚೆಲ್ ಸ್ಟಾರ್ಕ್, ಹೇಜಲ್‌ವುಡ್, ನೇಥನ್ ಲಯನ್ ನಾಲ್ವರೂ ಎದುರಿಗೆ.

ಆಗ ಅಶ್ವಿನ್ ತಮಿಳಿನಲ್ಲಿ ವಿಹಾರಿಗೆ ಹೇಳಿದ ಮಾತು ಸ್ಟಂಪ್ ಮೈಕಿಗೆ ಸಿಕ್ಕಿತು. ಹತ್ತು ಹತ್ತು ಬಾಲು ಅಂತ ಆಡಿಕೊಂಡು ಹೋಗೋಣ, ನಲವತ್ತು ಓವರ್ ತಾನಾಗಿಯೇ ದಾಟುತ್ತದೆ ಎಂಬರ್ಥದ ಮಾತು ಅದು. ಇಬ್ಬರೂ ತಮ್ಮ ತಮ್ಮ ನೋವಿಗೆ ತಕ್ಕಂತೆ ಬೌಲರ್‌ಗಳನ್ನು ಹಂಚಿಕೊಂಡರು. ಒಳಗಿನಿಂದ ಶಾರ್ದೂಲ್ ಠಾಕೂರ್ ಓಡಿ ಬಂದರು. ಡ್ರೆಸಿಂಗ್ ರೂಮಿನಲ್ಲಿ ಏನೇನೋ ಹೇಳಿ ಕಳಿಸಿದ್ದಾರೆ, ನಾನೇನೂ ಹೇಳುವುದಿಲ್ಲ, ನೀವು ಆಡುತ್ತಿರುವಂತೆಯೇ ಆಡಿ ಎಂದು ವಾಪಸ್ ಹೋದರಂತೆ. ಇದನ್ನು ಆಮೇಲೆ ಅಶ್ವಿನ್ ಅವರೇ ಹೇಳಿಕೊಂಡರು. ಚೆಂಡು ಮೈಗೆ ಬಡಿಯಿತು, ಫಿಸಿಯೊ ಬಂದು ಹೋದರು, ಪೇನ್ ವಿಕೆಟ್ ಹಿಂದಿನಿಂದ ಕೆಣಕುತ್ತಲೇ ಇದ್ದರು. ವಿಹಾರಿ 161 ಎಸೆತಕ್ಕೆ 23, ಅಶ್ವಿನ್ 128 ಎಸೆತಕ್ಕೆ 39. ಅಶ್ವಿನ್ ಬಂದ ಮೇಲೆ ಇಬ್ಬರೂ ಸೇರಿ 259 ಎಸೆತ ಆಡಿ ಔಟಾಗದೆ ಉಳಿದರು. ಪಂದ್ಯ ಡ್ರಾ ಆಯಿತು.

ಆ ಹತ್ತು ಬಾಲಿನ ಲೆಕ್ಕದ ಹಿಂದೆ ಗಟ್ಟಿಯಾದ ವಿಜ್ಞಾನವಿದೆ. 1981ರಲ್ಲಿ ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶಂಕ್ ಗಣಿತವೆಂದರೆ ಮುಖ ತಿರುಗಿಸುವ ಮಕ್ಕಳಿಗೆ 42 ಪುಟಗಳ ಕಳೆಯುವ ಲೆಕ್ಕ ಕೊಟ್ಟರು. ಒಂದು ಗುಂಪಿಗೆ ಏಳು ದಿನದ ಕೊನೆಗೆ 42 ಪುಟ ಮುಗಿಸಬೇಕು ಎಂದರು. ಇನ್ನೊಂದಕ್ಕೆ ದಿನಕ್ಕೆ ಆರು ಪುಟ ಎಂದರು. ಕೆಲಸ ಅಷ್ಟೇ, ದಿನಗಳೂ ಅಷ್ಟೇ. ಆರು ಪುಟದ ಮಕ್ಕಳು ಚೆನ್ನಾಗಿ ಕಲಿತರು. ಅದಕ್ಕಿಂತ ಮುಖ್ಯವಾಗಿ, ತಮಗೆ ಲೆಕ್ಕ ಬರುತ್ತದೆ ಎಂಬ ನಂಬಿಕೆ ಅವರಲ್ಲಿ ಬೆಳೆಯಿತು. ಹತ್ತಿರದ ಗುರಿ ಕೈಗೆಟುಕಿದಾಗಲೆಲ್ಲ ಮನಸ್ಸಿಗೆ ಒಂದು ಪುರಾವೆ ಸಿಗುತ್ತದೆ. ನಲವತ್ತು ಓವರ್ ಎಂಬ ಗುರಿ ಕೊನೆಯ ಎಸೆತದವರೆಗೂ ಯಾವ ಪುರಾವೆಯನ್ನೂ ಕೊಡುವುದಿಲ್ಲ. ಹತ್ತು ಎಸೆತದ ಗುರಿ ಆ ಮಧ್ಯಾಹ್ನ ಇಪ್ಪತ್ತಕ್ಕೂ ಹೆಚ್ಚು ಸಲ ಈಡೇರಿತು.

ಇನ್ನೊಂದು ಕಾರಣ ದಣಿವು. 2009ರಲ್ಲಿ ಸಾಮುವೆಲೆ ಮಾರ್ಕೋರಾ ಎಂಬ ಶರೀರಕ್ರಿಯಾ ತಜ್ಞರು 16 ಜನರನ್ನು ಒಂದು ದಿನ 90 ನಿಮಿಷ ಕಂಪ್ಯೂಟರ್ ಮುಂದೆ ತಲೆಗೆ ಕೆಲಸ ಕೊಡುವ ಪರೀಕ್ಷೆಗೆ ಕೂರಿಸಿ, ಇನ್ನೊಂದು ದಿನ ಅಷ್ಟೇ ಹೊತ್ತು ಸಾಕ್ಷ್ಯಚಿತ್ರ ತೋರಿಸಿ, ಆಮೇಲೆ ಆಗದು ಎನ್ನುವವರೆಗೆ ಸೈಕಲ್ ತುಳಿಸಿದರು. ಚಿತ್ರ ನೋಡಿದ ದಿನ ಸರಾಸರಿ 754 ಸೆಕೆಂಡ್ ತುಳಿದವರು, ತಲೆ ದಣಿದ ದಿನ 640 ಸೆಕೆಂಡಿಗೆ ಕೈಬಿಟ್ಟರು. ಹೃದಯ, ಸ್ನಾಯುಗಳ ಕಾರ್ಯದಲ್ಲಿ ಈ ಅಂತರವನ್ನು ವಿವರಿಸುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಬೇರೆಯಾಗಿದ್ದದ್ದು ಶ್ರಮ ಎಷ್ಟಾಗುತ್ತಿದೆ ಎಂಬ ಅನಿಸಿಕೆ. ದಣಿದ ತಲೆಗೆ ಅದೇ ಏರು ಕಡಿದಾಗಿ ತೋರುತ್ತದೆ. ಇದನ್ನು ಸಿಡ್ನಿಗೆ ಅನ್ವಯಿಸುವುದು ನನ್ನ ಊಹೆ: ಯಾರನ್ನು ಯಾರು ಆಡಬೇಕೆಂದು ಮೊದಲೇ ತೀರ್ಮಾನಿಸಿಕೊಂಡದ್ದು, ಒಳಗಿನ ಸೂಚನೆಗಳು ಕಿವಿಗೆ ಬೀಳದೇ ಹೋದದ್ದು ಇಬ್ಬರ ತಲೆಯ ಭಾರವನ್ನೂ ಇಳಿಸಿರಬೇಕು. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಬೌಲರ್‌ನ ಕೈಬಿಟ್ಟು ಬ್ಯಾಟ್ಸ್‌ಮನ್‌ನನ್ನು ತಲುಪಲು ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ಆ ಹೊತ್ತಿನಲ್ಲಿ ಯೋಚನೆಗೆ ಜಾಗವೇ ಇಲ್ಲ. ಯೋಚನೆಯನ್ನು ಎಸೆತಗಳ ನಡುವಿನ ಬಿಡುವಿನಲ್ಲಿ ಮಾಡಿ ಮುಗಿಸಬೇಕು.

ಒತ್ತಡ ಬಂದಾಗ ದೇಹ ಒಂದೇ ರೀತಿ ಪ್ರತಿಕ್ರಿಯಿಸುವುದಿಲ್ಲ. ಎದುರಿಗಿರುವುದನ್ನು ನಿಭಾಯಿಸಬಲ್ಲೆ ಎಂದು ಒಳಮನಸ್ಸು ಲೆಕ್ಕ ಹಾಕಿದರೆ ಹೃದಯ ಹೆಚ್ಚು ರಕ್ತ ಒತ್ತುತ್ತದೆ, ರಕ್ತನಾಳಗಳು ಸಡಿಲವಾಗುತ್ತವೆ, ಸ್ನಾಯುಗಳಿಗೂ ಮಿದುಳಿಗೂ ಬೇಕಾದದ್ದು ಹರಿಯುತ್ತದೆ. ನನ್ನ ಕೈಲಿ ಆಗದು ಎಂದು ಲೆಕ್ಕ ಹಾಕಿದರೆ ಹೃದಯ ಹಾಗೇ ಹೊಡೆದುಕೊಂಡರೂ ನಾಳಗಳು ಬಿಗಿಯುತ್ತವೆ. ಜಿಮ್ ಬ್ಲಾಸ್ಕೋವಿಚ್ ಮತ್ತು ಸಂಗಡಿಗರು ಮೊದಲನೆಯದನ್ನು ಸವಾಲಿನ ಸ್ಥಿತಿ, ಎರಡನೆಯದನ್ನು ಬೆದರಿಕೆಯ ಸ್ಥಿತಿ ಎಂದು ಕರೆದರು. 2013ರಲ್ಲಿ ಮಾರ್ಟಿನ್ ಟರ್ನರ್ ಮತ್ತಿತರರು ಇಂಗ್ಲೆಂಡ್‌ನ ಅಕಾಡೆಮಿ ಮಟ್ಟದ 42 ಕ್ರಿಕೆಟಿಗರ ಮೈಗೆ ಸಾಧನ ತೊಡಿಸಿ, ಒತ್ತಡದ ಬ್ಯಾಟಿಂಗ್ ಪರೀಕ್ಷೆಗೆ ಮೊದಲು ಈ ಅಳತೆ ತೆಗೆದರು. ಸವಾಲಿನ ಸ್ಥಿತಿಯಲ್ಲಿದ್ದವರು ಒಟ್ಟಾರೆ ಚೆನ್ನಾಗಿ ಆಡಿದರು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಮೈ ಬೆದರಿದ್ದರೂ ಚೆನ್ನಾಗಿ ಆಡಿದ ಕೆಲವರು. ತಮ್ಮ ಸಾಮರ್ಥ್ಯದ ಬಗ್ಗೆ ಅವರಿಗಿದ್ದ ನಂಬಿಕೆ, ಬೆದರಿ ಸೋತವರಿಗಿಂತ ಹೆಚ್ಚಿತ್ತು. ಅಂದರೆ ಎದೆ ಡವಗುಟ್ಟುವುದು ದುರ್ಬಲತೆಯ ಗುರುತಲ್ಲ. ಅಂಗೈ ಬೆವರಿದ ಹುಡುಗ ಆ ಕಾರಣಕ್ಕೇ ಆಟಕ್ಕೆ ನಾಲಾಯಕ್ ಎಂದುಕೊಳ್ಳಬೇಕಿಲ್ಲ.

ಇಷ್ಟು ಒಬ್ಬೊಬ್ಬರ ಮೈಮನಸ್ಸಿನ ಮಾತು. ಇಬ್ಬರು ಸೇರಿದಾಗ ನಡೆಯುವುದು ಇನ್ನೂ ಸ್ವಾರಸ್ಯಕರ. ಸೇರಿದಾಗ ಬಲ ಹೆಚ್ಚುತ್ತದೆ ಎಂದು ನಾವು ಸುಲಭವಾಗಿ ನಂಬುತ್ತೇವೆ. ಫ್ರಾನ್ಸ್‌ನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗಲ್‌ಮನ್ 1913ರಲ್ಲಿ ಪ್ರಕಟಿಸಿದ ಹಗ್ಗ ಎಳೆಯುವ ಪ್ರಯೋಗ ಬೇರೆಯೇ ಹೇಳಿತು. ಎಂಟು ಜನ ಒಟ್ಟಿಗೆ ಎಳೆದಾಗ ತಲಾ ಬಲ, ಒಬ್ಬೊಬ್ಬರೇ ಎಳೆದಾಗಿನ ಬಲದ ಸುಮಾರು ಅರ್ಧಕ್ಕೆ ಇಳಿಯಿತು. ಎಳೆತ ಒಂದೇ ತಾಳಕ್ಕೆ ಬರದಿರುವುದು ಒಂದು ಕಾರಣ. ಗುಂಪಿನಲ್ಲಿ ನನ್ನ ಪಾಲು ಯಾರಿಗೂ ಕಾಣುವುದಿಲ್ಲ ಎಂಬುದು ಇನ್ನೊಂದು. 1979ರಲ್ಲಿ ಬಿಬ್ ಲಟಾನೆ ತಂಡ ಜನರಿಂದ ಚಪ್ಪಾಳೆ ತಟ್ಟಿಸಿ, ಕೂಗಿಸಿ ಇದನ್ನೇ ಕಂಡಿತು. ಮುಂದೆ ಪ್ರತಿಯೊಬ್ಬನ ಕೂಗನ್ನೂ ಬೇರೆಯಾಗಿ ಅಳೆಯುತ್ತಿದ್ದೇವೆ ಎಂದು ತಿಳಿಸಿದಾಗ ಮೈಗಳ್ಳತನ ಮಾಯವಾಯಿತು.

1920ರ ದಶಕದಲ್ಲಿ ಬರ್ಲಿನ್‌ನ ಓಟ್ಟೊ ಕೋಲರ್ ಇದಕ್ಕೆ ತದ್ವಿರುದ್ಧವಾದದ್ದನ್ನು ಕಂಡರು. ಅಲ್ಲಿನ ದೋಣಿ ಕ್ಲಬ್‌ನ ಸದಸ್ಯರಿಗೆ ತೋಳು ಸೋಲುವವರೆಗೆ ಭಾರ ಎತ್ತಿಳಿಸಲು ಹೇಳಿದರು. ಮೊದಲು ಒಬ್ಬೊಬ್ಬರೇ, ಆಮೇಲೆ ಇಬ್ಬರಿಗೆ ಸೇರಿ ಒಂದೇ ಸರಳು. ಒಬ್ಬ ಕೈಬಿಟ್ಟರೆ ಆಟ ಮುಗಿಯಿತು. ಇಬ್ಬರಲ್ಲಿ ದುರ್ಬಲನಾದವನು ತಾನೊಬ್ಬನೇ ಎತ್ತಿದ್ದಕ್ಕಿಂತ ಹೆಚ್ಚು ಹೊತ್ತು ತಡೆದುಕೊಂಡ. ಶಕ್ತಿಯಲ್ಲಿ ಅಂತರ ತೀರಾ ಕಡಿಮೆಯಿದ್ದರೂ ತೀರಾ ಹೆಚ್ಚಿದ್ದರೂ ಈ ಲಾಭ ಸಿಗಲಿಲ್ಲ. ಹದವಾದ ಅಂತರವಿದ್ದಾಗ ಹೆಚ್ಚು ಸಿಕ್ಕಿತು. ನೊಗಕ್ಕೆ ಕಟ್ಟಿದ ಜೋಡೆತ್ತಿನಲ್ಲಿ ಒಂದು ಕುಳಿತರೆ ಇನ್ನೊಂದೂ ನಿಲ್ಲಲೇಬೇಕು. ಬ್ಯಾಟಿಂಗ್ ಜೊತೆಯಾಟವೂ ಹಾಗೇ. ಒಬ್ಬ ಔಟಾದರೆ ಇಬ್ಬರ ಶ್ರಮವೂ ಅಲ್ಲಿಗೆ ನಿಲ್ಲುತ್ತದೆ. ವಿಹಾರಿ ಒಬ್ಬರೇ ಆಗಿದ್ದರೆ ಆ ಕಾಲಿನಲ್ಲಿ ಅಷ್ಟು ಹೊತ್ತು ನಿಲ್ಲುತ್ತಿದ್ದರೇ ಎಂಬ ಪ್ರಶ್ನೆಗೆ ಪ್ರಯೋಗದ ಉತ್ತರ ಇಲ್ಲ. ಆದರೆ ತನ್ನ ಪಾಲು ಎದ್ದು ಕಾಣುವ, ಇನ್ನೊಬ್ಬನ ಬದುಕು ತನ್ನ ಮೇಲೆ ನಿಂತಿರುವ ಕೆಲಸದಲ್ಲಿ ಮನುಷ್ಯ ತನ್ನ ಮಿತಿಯನ್ನು ಸ್ವಲ್ಪ ಮುಂದಕ್ಕೆ ತಳ್ಳುತ್ತಾನೆಂಬುದು ಹಲವು ಪ್ರಯೋಗಗಳಲ್ಲಿ ಕಂಡಿರುವ ಸಂಗತಿ.

ನೋವಿನ ಅಳತೆಯೂ ಸಂಗದಲ್ಲಿ ಬದಲಾಗುತ್ತದೆ. 2010ರಲ್ಲಿ ಎಮ್ಮಾ ಕೋಹನ್ ಮತ್ತು ಸಂಗಡಿಗರು ಆಕ್ಸ್‌ಫರ್ಡ್‌ನ 12 ದೋಣಿ ಸ್ಪರ್ಧಿಗಳಿಂದ ಯಂತ್ರದ ಮೇಲೆ 45 ನಿಮಿಷ ಹುಟ್ಟು ಹಾಕಿಸಿದರು, ಒಮ್ಮೆ ಒಬ್ಬೊಬ್ಬರೇ, ಇನ್ನೊಮ್ಮೆ ಆರಾರು ಜನ ಒಟ್ಟಾಗಿ. ಮುಗಿದ ತಕ್ಷಣ ರಕ್ತದೊತ್ತಡ ನೋಡುವ ಪಟ್ಟಿಯನ್ನು ತೋಳಿಗೆ ಸುತ್ತಿ, ನೋವು ಎನ್ನುವವರೆಗೆ ಗಾಳಿ ತುಂಬಿದರು. ಶ್ರಮ ಎರಡು ಸಲವೂ ಒಂದೇ ಆಗಿದ್ದರೂ ಒಟ್ಟಾಗಿ ಹುಟ್ಟು ಹಾಕಿದ ದಿನ ಹೆಚ್ಚು ಒತ್ತಡ ತಾಳಿದರು. ಮಿದುಳು ತಾನೇ ತಯಾರಿಸುವ ನೋವುನಿವಾರಕ ಎಂಡಾರ್ಫಿನ್ ಹೆಚ್ಚು ಸ್ರವಿಸಿರಬೇಕು ಎಂಬುದು ಅವರ ವಿವರಣೆ. ಹನ್ನೆರಡು ಜನರ ಸಣ್ಣ ಅಧ್ಯಯನ, ನಿಜ. ಆದರೂ ಒಟ್ಟಿಗೆ ನಾಟಿ ಮಾಡುವವರು, ತೇರು ಎಳೆಯುವವರು ತಮ್ಮ ಮೈಯಲ್ಲಿ ಕಂಡದ್ದಕ್ಕೆ ಅದು ಹೊಂದುತ್ತದೆ.

ಇಡೀ ತಂಡದ ಮಟ್ಟದಲ್ಲಿ ಇದನ್ನು ಚೆನ್ನಾಗಿ ಅಭ್ಯಾಸ ಮಾಡಿದವರು ಪಾಲ್ ಮಾರ್ಗನ್, ಡೇವಿಡ್ ಫ್ಲೆಚರ್ ಮತ್ತು ಮುಸ್ತಫಾ ಸರ್ಕಾರ್. 2003ರ ರಗ್ಬಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಎಂಟು ಮಂದಿಯ ಆತ್ಮಕಥೆಗಳನ್ನು ಅವರು ಜರಡಿ ಹಿಡಿದು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ತಂಡದ ಕಥೆ ಅಡಿಲೇಡ್ ಕಥೆಗಿಂತ ಉದ್ದದ್ದು. 1998ರ ಜೂನ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಆಸ್ಟ್ರೇಲಿಯಾದ ಎದುರು ಅವರು 76-0ರಿಂದ ಸೋತಿದ್ದರು. ಹತ್ತೊಂಬತ್ತರ ಹುಡುಗ ಜಾನಿ ವಿಲ್ಕಿನ್ಸನ್ ಆ ಸೋಲಿನಲ್ಲಿ ಆಡಿದ್ದರು. ಐದು ವರ್ಷಗಳ ನಂತರ, ನವೆಂಬರ್ 22ರಂದು ಸಿಡ್ನಿಯಲ್ಲಿ ಅದೇ ಆಸ್ಟ್ರೇಲಿಯಾದ ಎದುರು ಫೈನಲ್. ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದಿತ್ತು, 17-17. ಇಂಗ್ಲೆಂಡ್‌ಗೆ ಲೈನ್‌ಔಟ್, ಅಂದರೆ ಗೆರೆಯಾಚೆಯಿಂದ ಆಟಗಾರರ ಸಾಲಿನತ್ತ ಚೆಂಡು ಎಸೆಯುವ ಅವಕಾಶ, ಸಿಕ್ಕಿತು. ಸ್ಟೀವ್ ಥಾಂಪ್ಸನ್ ಸಾಲಿನ ಕೊನೆಗೆ, ಲೂಯಿಸ್ ಮೂಡಿಯವರೆಗೆ ಉದ್ದಕ್ಕೆ ಎಸೆದರು. ಮ್ಯಾಟ್ ಡಾಸನ್ ಚೆಂಡು ಹಿಡಿದು ಸಂದಿಯಲ್ಲಿ ನುಗ್ಗಿ ಮುಂದೆ ಹೋಗಿ ಜನರಡಿ ಸಿಕ್ಕಿಕೊಂಡರು. ವಿಲ್ಕಿನ್ಸನ್‌ಗೆ ಪಾಸ್ ಕೊಡಬೇಕಾದವರು ಅವರೇ. ಆಗ ನಾಯಕ ಮಾರ್ಟಿನ್ ಜಾನ್ಸನ್ ಯಾರೂ ಹೇಳದೆ ತಾವೇ ಚೆಂಡು ತೆಗೆದುಕೊಂಡು ಎದುರಾಳಿಗಳಿಗೆ ಡಿಕ್ಕಿ ಹೊಡೆದು ಬಿದ್ದರು. ಅದರಿಂದ ಕೆಲವು ಗಜ ಸಿಕ್ಕಿತು. ಡಾಸನ್‌ಗೆ ಎದ್ದು ತಮ್ಮ ಜಾಗಕ್ಕೆ ಬರಲು ಬೇಕಾದ ಕೆಲವು ಸೆಕೆಂಡು ಸಿಕ್ಕಿತು. ಪಾಸ್ ಬಂತು. ಎಡಗಾಲಿನ ವಿಲ್ಕಿನ್ಸನ್ ಬಲಗಾಲಿನಿಂದ ಒದ್ದರು. 20-17.

ಚಿತ್ರಗಳಲ್ಲಿ ಉಳಿದದ್ದು ವಿಲ್ಕಿನ್ಸನ್ ಕಾಲು. ನನಗೆ ಮುಖ್ಯವೆನಿಸುವುದು ಜಾನ್ಸನ್ ಡಿಕ್ಕಿ. ಮುಂದಿನ ಹೆಜ್ಜೆಯಲ್ಲಿ ಯಾರು ಎಲ್ಲಿರಬೇಕು, ಈ ಕ್ಷಣ ತಂಡಕ್ಕೆ ಬೇಕಾದದ್ದು ಏನು ಎಂಬುದು ದಣಿದ ಹದಿನೈದು ತಲೆಗಳಲ್ಲೂ ಒಂದೇ ರೀತಿ ಅಚ್ಚಾಗಿತ್ತು. ಸಂಶೋಧಕರು ಕಂಡದ್ದೂ ಇಂಥವನ್ನೇ: ಹಲವರು ಹೊತ್ತುಕೊಂಡ ನಾಯಕತ್ವ, ಸೋಲನ್ನು ಕೂತು ಬಿಡಿಸಿ ಕಲಿಯುವ ಅಭ್ಯಾಸ, ನಾವು ಒಂದು ಎಂಬ ಗುರುತು, ಜೊತೆಗೆ ನಗುವುದಕ್ಕೂ ಜಾಗ. ತಂಡದ ತಾಳಿಕೆ ಎನ್ನುವುದನ್ನು ಅವರು ಸದಸ್ಯರ ಮನೋಬಲದ ಮೊತ್ತವೆಂದು ನೋಡಲಿಲ್ಲ. ಸದಸ್ಯರ ನಡುವೆ ನಡೆಯುವ ಕ್ರಿಯೆಗಳೆಂದು ನೋಡಿದರು. ಕ್ರಿಯೆಗಳಾದ್ದರಿಂದ ಅವನ್ನು ಕಲಿಯಬಹುದು, ಹೊಸಬರಿಗೆ ದಾಟಿಸಬಹುದು.

ಗಾಬಾದಲ್ಲಿ ಆಡಿದ ಐವರು ಬೌಲರ್‌ಗಳಿಗೆ ಅದಕ್ಕೆ ಮೊದಲು ಇದ್ದ ಟೆಸ್ಟ್ ಅನುಭವ ಎಲ್ಲರದ್ದೂ ಸೇರಿ ನಾಲ್ಕು ಪಂದ್ಯ. ಟಿ. ನಟರಾಜನ್ ಮತ್ತು ವಾಷಿಂಗ್ಟನ್ ಸುಂದರ್ ಅಂದೇ ಮೊದಲ ಟೆಸ್ಟ್ ಆಡಿದರು. ಸುಂದರ್ ಮತ್ತು ಶಾರ್ದೂಲ್ 6 ವಿಕೆಟ್‌ಗೆ 186 ಎಂಬಲ್ಲಿಂದ 123 ರನ್ ಸೇರಿಸಿದರು. ಎರಡನೇ ಇನಿಂಗ್ಸ್‌ನಲ್ಲಿ 5 ವಿಕೆಟ್ ತೆಗೆದ ಮೊಹಮ್ಮದ್ ಸಿರಾಜ್ ನವೆಂಬರ್‌ನಲ್ಲಿ ತಂದೆಯನ್ನು ಕಳೆದುಕೊಂಡೂ ಮನೆಗೆ ಹೋಗದೆ ತಂಡದ ಜೊತೆ ಉಳಿದಿದ್ದರು. ಸಿಡ್ನಿಯಲ್ಲಿ ಪ್ರೇಕ್ಷಕರಿಂದ ನಿಂದನೆ ಬಂದಾಗ ನೇರವಾಗಿ ಅಂಪೈರ್‌ಗೆ ದೂರು ಕೊಟ್ಟರು, ತಂಡ ಅವರ ಸುತ್ತ ನಿಂತಿತು, ಆಟ ನಿಂತಿತು. ನುಂಗಿಕೊಂಡು ಆಡುವುದೇ ಗಟ್ಟಿತನ ಎಂದು ಅಲ್ಲಿ ಯಾರೂ ಹೇಳಲಿಲ್ಲ. ಈ ಹುಡುಗರು ಆಕಾಶದಿಂದ ಉದುರಿದವರೂ ಅಲ್ಲ. ಪಂತ್ ಮತ್ತು ಸುಂದರ್ 2016ರ, ಶುಭಮನ್ ಗಿಲ್ 2018ರ 19 ವರ್ಷದೊಳಗಿನವರ ವಿಶ್ವಕಪ್ ಆಡಿದ್ದು ರಾಹುಲ್ ದ್ರಾವಿಡ್ ಅವರ ಕೈಕೆಳಗೆ. ಭಾರತ ‘ಎ’ ತಂಡಕ್ಕೂ ಅವರೇ ಕೋಚ್ ಆಗಿದ್ದರು, 2019ರಿಂದ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರಾದರು. ಬದಲಿ ಆಟಗಾರ ಒಳಬಂದಾಗ ತನ್ನ ಕೆಲಸ ಏನೆಂದು ಗೊತ್ತಿರುವಂತೆ ಮಾಡುವ ವ್ಯವಸ್ಥೆ ವರ್ಷಗಳಿಂದ ಸದ್ದಿಲ್ಲದೆ ಬೆಳೆದಿತ್ತು. ಗಾಬಾದ ಮನೋಬಲದಲ್ಲಿ ದೊಡ್ಡ ಪಾಲು ಅದರದ್ದು ಎಂಬುದು ನನ್ನ ಅಭಿಪ್ರಾಯ.

ಇಂಥ ಗಟ್ಟಿತನವನ್ನು ತರಬೇತಿಯಿಂದ ಬೆಳೆಸಬಹುದೇ? ಜೇಮ್ಸ್ ಬೆಲ್, ಲ್ಯೂ ಹಾರ್ಡಿ, ಸ್ಟುವರ್ಟ್ ಬೀಟಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಎರಡು ವರ್ಷ ನಡೆದದ್ದು, ಇಂಗ್ಲೆಂಡ್‌ನ ಆಯ್ದ ಯುವ ಕ್ರಿಕೆಟಿಗರ ಮೇಲೆ. ಅಭ್ಯಾಸದಲ್ಲೇ ಒತ್ತಡ ತಂದರು: ಗುರಿ ಮುಟ್ಟದಿದ್ದರೆ, ಶಿಸ್ತು ತಪ್ಪಿದರೆ ಅದಕ್ಕೆ ಫಲ ಅನುಭವಿಸಬೇಕು. ಆ ಹುಡುಗರ ಮನೋಬಲವೂ ಒತ್ತಡದಲ್ಲಿ ಆಡುವ ಶಕ್ತಿಯೂ ಹೋಲಿಕೆಯ ಗುಂಪಿಗಿಂತ ಸುಧಾರಿಸಿತು. ಶಿಕ್ಷೆಯಿಂದ ಗಟ್ಟಿಯಾಗುತ್ತಾರೆ ಎಂದು ಅಲ್ಲಿಗೇ ಓದು ನಿಲ್ಲಿಸುವವರಿದ್ದಾರೆ. ಪ್ರಯೋಗದ ಉಳಿದರ್ಧ ಹೀಗಿತ್ತು: ಒತ್ತಡ ಹೇಗಿರುತ್ತದೆಂದು ಹುಡುಗರಿಗೆ ಮೊದಲೇ ತಿಳಿಸುತ್ತಿದ್ದರು, ಅದನ್ನು ನಿಭಾಯಿಸುವ ಉಪಾಯಗಳನ್ನು ಒಬ್ಬೊಬ್ಬರಿಗೂ ಕಲಿಸುತ್ತಿದ್ದರು, ಕೋಚ್‌ಗಳು ಪ್ರತಿ ಹುಡುಗನ ಬಗ್ಗೆ ಕಾಳಜಿ ತೋರುವಂತೆ ನೋಡಿಕೊಂಡಿದ್ದರು. ಕಲಿಸದೆ ಬರೀ ಹೆದರಿಸುವುದನ್ನು ಈ ಅಧ್ಯಯನ ಎಲ್ಲೂ ಬೆಂಬಲಿಸುವುದಿಲ್ಲ.

ನಮ್ಮಲ್ಲಿ ಹದಿಮೂರು ಹದಿನಾಲ್ಕರ ಮಕ್ಕಳನ್ನು ಮೈದಾನದ ನಡುವೆ ನಿಲ್ಲಿಸಿ ಎಲ್ಲರೆದುರು ಹೀಯಾಳಿಸುವುದು, ಕ್ಯಾಚ್ ಬಿಟ್ಟದ್ದಕ್ಕೆ ಬಿಸಿಲಲ್ಲಿ ಸುತ್ತು ಹಾಕಿಸುವುದು ಇನ್ನೂ ತರಬೇತಿಯ ಹೆಸರಿನಲ್ಲೇ ನಡೆಯುತ್ತದೆ. ಅದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ, ಸಂಕಟವೂ ಆಗುತ್ತದೆ. ಅಂಥ ಮಗು ಮುಂದಿನ ಸಲ ಕ್ಯಾಚ್‌ನತ್ತ ನೋಡುವುದಿಲ್ಲ, ಕೋಚ್‌ನ ಮುಖದತ್ತ ನೋಡುತ್ತದೆ. 2002ರಲ್ಲಿ ಆಂಟಿಗಾದಲ್ಲಿ ನಮ್ಮ ಅನಿಲ್ ಕುಂಬ್ಳೆ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಹಾಕಿ ಬ್ರಯನ್ ಲಾರಾ ವಿಕೆಟ್ ಪಡೆದರು. ಆ ಚಿತ್ರ ನೋಡಿದಾಗ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಅದು ಮೂವತ್ತು ದಾಟಿದ ಒಬ್ಬ ಅನುಭವಿ ಆಟಗಾರ ತಾನೇ ತೆಗೆದುಕೊಂಡ ತೀರ್ಮಾನ. ಅದನ್ನು ತೋರಿಸಿ, ಹೆಲ್ಮೆಟ್ಟಿಗೆ ಚೆಂಡು ಬಡಿದ ಹುಡುಗನಿಗೆ ಎದ್ದೇಳು, ಏನೂ ಆಗಿಲ್ಲ ಎನ್ನುವುದು ಅಪಾಯಕಾರಿ. ತಲೆಗೆ ಪೆಟ್ಟು ಬಿದ್ದು ಮಿದುಳು ಅಲುಗಿದಾಗ ತಾನು ಸರಿಯಿದ್ದೇನೋ ಇಲ್ಲವೋ ಎಂದು ನಿರ್ಧರಿಸಬೇಕಾದ ಅಂಗಕ್ಕೇ ಏಟಾಗಿರುತ್ತದೆ. 2014ರಲ್ಲಿ ಬೌನ್ಸರ್ ಬಡಿದು ಆಸ್ಟ್ರೇಲಿಯಾದ ಫಿಲ್ ಹ್ಯೂಸ್ ಸತ್ತದ್ದು ಕ್ರಿಕೆಟ್ ಲೋಕವನ್ನು ನಡುಗಿಸಿತು. ತಲೆಗೆ ಪೆಟ್ಟಾದವನ ಬದಲಿಗೆ ಇನ್ನೊಬ್ಬನನ್ನು ಆಡಿಸುವ ನಿಯಮ 2019ರ ಆಗಸ್ಟ್‌ನಿಂದ ಟೆಸ್ಟ್‌ನಲ್ಲೂ ಜಾರಿಗೆ ಬಂತು. ಗಟ್ಟಿ ಆಟಗಾರನನ್ನು ಹೊರಗೆ ಕೂರಿಸುವುದಕ್ಕೂ ಆಟ ಈಗ ದಾರಿ ಮಾಡಿಕೊಟ್ಟಿದೆ.

ಮನಸ್ಸಿನ ಪೆಟ್ಟಿಗೆ ಅಂಥ ನಿಯಮ ಇಲ್ಲ. 2019ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಗ್ಲೆನ್ ಮ್ಯಾಕ್ಸ್‌ವೆಲ್ ಮಾನಸಿಕ ಆರೋಗ್ಯದ ಕಾರಣಕ್ಕೆ ಕ್ರಿಕೆಟ್‌ನಿಂದ ಬಿಡುವು ಕೇಳಿದರು. ಮರುತಿಂಗಳು ವಿರಾಟ್ ಕೊಹ್ಲಿ ಅದನ್ನು ಬಹಿರಂಗವಾಗಿ ಮೆಚ್ಚಿದರು. 2014ರ ಇಂಗ್ಲೆಂಡ್ ಪ್ರವಾಸದಲ್ಲಿ ತಮಗೂ ಲೋಕವೇ ಮುಗಿದಂತಾಗಿತ್ತು, ಅದನ್ನು ಯಾರಿಗೆ ಹೇಗೆ ಹೇಳಬೇಕೆಂದೇ ತಿಳಿದಿರಲಿಲ್ಲ ಎಂದರು. ಛಲಕ್ಕೆ ಹೆಸರಾದ ಆಟಗಾರ ಐದು ವರ್ಷ ಒಳಗಿಟ್ಟುಕೊಂಡ ಮಾತು ಅದು. ಮ್ಯಾಕ್ಸ್‌ವೆಲ್ ಕೆಲವು ವಾರಗಳ ನಂತರ ಆಟಕ್ಕೆ ಮರಳಿದರು. 2023ರ ನವೆಂಬರ್ 7ರಂದು ಮುಂಬೈನ ವಾಂಖೆಡೆಯಲ್ಲಿ, ವಿಶ್ವಕಪ್‌ನ ಪಂದ್ಯದಲ್ಲಿ, ಅಫ್ಗಾನಿಸ್ತಾನದ ಎದುರು 292 ಬೆನ್ನಟ್ಟುತ್ತಾ ಆಸ್ಟ್ರೇಲಿಯಾ 7 ವಿಕೆಟ್‌ಗೆ 91ಕ್ಕೆ ಕುಸಿದಿತ್ತು. ಆಗಲೇ ಕ್ರೀಸಿನಲ್ಲಿದ್ದ ಅವರು ಸ್ನಾಯುಸೆಳೆತದಿಂದ ನೆಲಕ್ಕೆ ಬಿದ್ದು, ಓಡಲಾಗದೆ, ನಿಂತಲ್ಲೇ ಬ್ಯಾಟ್ ಬೀಸಿ 128 ಎಸೆತಗಳಲ್ಲಿ ಔಟಾಗದೆ 201 ರನ್ ಹೊಡೆದರು. ಮುರಿಯದ ಆ ಎಂಟನೇ ವಿಕೆಟ್ ಜೊತೆಯಾಟ 202 ರನ್ನಿನದು. ಅದರಲ್ಲಿ ಇನ್ನೊಂದು ತುದಿಯ ಕಮಿನ್ಸ್ ಪಾಲು 12 ರನ್, ಅದಕ್ಕೆ ಅವರು ಆಡಿದ್ದು 68 ಎಸೆತ.